ಒಂದು ವರ್ಷದ ಗಿಡಮರ + ಬಣ್ಣದ ಕೋರ್ಸ್: ಸುತ್ತಾಟಕ್ಕೆ ಫುಲ್ ಮಾರ್ಕ್ಸ್, ಕಿಟ್‌ಗೆ ಸೊನ್ನೆ

ಮೈಸೂರಲ್ಲಿ ವರ್ಷಪೂರ್ತಿ ನಡೆಯೋ ಒಂದು ಕೋರ್ಸ್‌ಗೆ ಸೇರಿದ್ದೆ, ತಿಂಗಳಲ್ಲಿ ಒಂದು ಭಾನುವಾರ ಗಿಡಮರ ನೋಡೋಕೆ ಸುತ್ತಾಟ, ಇನ್ನೊಂದು ಭಾನುವಾರ ತೊಗಟೆ ಕಾಯಿ ಹೂವು ಕುದಿಸಿ ಬಟ್ಟೆಗೆ ಬಣ್ಣ ಹಾಕೋದು. ಈಗ ಮುಗೀತು. ಸೇರ್ಬಹುದಾ ಅಂತ ಸುಮಾರು ಜನ ಕೇಳ್ತಿದಾರೆ, ಒಬ್ಬೊಬ್ರಿಗೂ ಬೇರೆ ಬೇರೆ ಟೈಪ್ ಮಾಡೋ ಬದ್ಲು ಇಲ್ಲೇ ಬರೆದುಬಿಡ್ತೀನಿ. ನಡೆಸೋರ ಹೆಸರು ಹಾಕಲ್ಲ, ಬೈಗುಳ ಸ್ವಲ್ಪ ಇದೆ, ಜನ ಒಳ್ಳೆಯವರು ಪಾಪ.

ಕೊಟ್ಟ ದುಡ್ಡು ವಸೂಲಾಗಿದ್ದು ಸುತ್ತಾಟದಲ್ಲಿ. ಬಣ್ಣದ ಕ್ಲಾಸ್ ಅರ್ಧ ಚೆನ್ನಾಗಿತ್ತು, ಇನ್ನರ್ಧ ಬರೀ ಇನ್‌ಸ್ಟಾಗ್ರಾಮ್‌ಗೆ.

ಕುಕ್ಕರಹಳ್ಳಿ ಕೆರೆ, ಚಾಮುಂಡಿ ಬೆಟ್ಟದ ತಪ್ಪಲು ಎಲ್ಲಾ ಮೈಸೂರಿನವರಿಗೆ ನೋಡಿದ್ದೇ, ಅದರ ಬಗ್ಗೆ ಜಾಸ್ತಿ ಬರೆಯಲ್ಲ. ಆದ್ರೆ ಶ್ರೀರಂಗಪಟ್ಟಣದ ಹತ್ರ ಕಾವೇರಿ ದಡದಲ್ಲಿ ಹೊಳೆಮತ್ತಿ ತೋರಿಸಿದ ರೀತಿ ಇದ್ಯಲ್ಲ, ಅದು ಮಸ್ತ್. ಮೊದ್ಲು ಏನೂ ಹೇಳಲಿಲ್ಲ, ತೊಗಟೆ ಮುಟ್ಟಿ ನೋಡಿ ಅಂದ್ರು, ನುಣ್ಣಗೆ, ಬೂದು ಬಿಳುಪು, ಅಲ್ಲಲ್ಲಿ ಹಾಳೆ ಹಾಳೆಯಾಗಿ ಎದ್ದಿರತ್ತೆ. ಮುಂದಿನ ಸಲ ಕಾಡಿಗೆ ಹೋದಾಗ ಕರಿಮತ್ತಿ ಮುಟ್ಟಿಸಿದ್ರು, ಅದು ಥೇಟ್ ಮೊಸಳೆ ಬೆನ್ನು. ಎರಡೂ ಅಳಲೆಕಾಯಿ ಮರದ ನೆಂಟರೇ ಅಂತೆ. ಅಳಲೆ ಎಲೆ ಕೈಗೆ ಸಿಕ್ರೆ ತೊಟ್ಟು ಎಲೆಗೆ ಸೇರೋ ಜಾಗದ ಹತ್ರ ನೋಡಿ, ಸಾಸಿವೆಗಿಂತ ಸಣ್ಣ ಗಂಟು ಎರಡು ಇರತ್ತೆ. ಇದನ್ನ ಕಲಿತ ಮೇಲೆ ನಮ್ಮನೆಯವರ ಜೊತೆ ವಾಕಿಂಗ್ ಹೋಗೋದೇ ಕಷ್ಟ ಆಗಿದೆ, ಪ್ರತಿ ಮರದ ಕೆಳಗೂ ನಿಂತ್ಕೋತೀನಿ ಅಂತ ಅವರ ಕಂಪ್ಲೇಂಟು.

ಬಿಳಿಗಿರಿರಂಗನ ಬೆಟ್ಟದ ಟ್ರಿಪ್ಪು ಬೆಸ್ಟ್. ಜೊತೆಗೆ ಬಂದವರು ಆ ಬೆಟ್ಟದ ಬುಡಕಟ್ಟು ಜನ ಸೋಲಿಗರ ಒಬ್ರು ಹಿರಿಯರು, ಪರ್ಮಿಷನ್ ತಗೊಂಡು ದೊಡ್ಡಸಂಪಿಗೆ ಹತ್ರ ಹೋಗಿದ್ವಿ, ಭಾರ್ಗವಿ ಹೊಳೆ ಪಕ್ಕ ಇರೋ ಆ ಮರ ಸೋಲಿಗರಿಗೆ ದೇವರು, ಅಜ್ಜ ಚಪ್ಪಲಿ ಬಿಟ್ಟು ಕೈಮುಗಿದ ಮೇಲೇನೇ ಮಾತು ಶುರು ಮಾಡಿದ್ದು. ಅಳಲೆಕಾಯಿ, ನೆಲ್ಲಿಕಾಯಿ, ಜೇನು ಇವೆಲ್ಲ ಅವರ ಬದುಕು. 2011ರಲ್ಲಿ ಬೆಟ್ಟ ಹುಲಿ ರಕ್ಷಿತಾರಣ್ಯ ಆಯ್ತು, ಅದೇ ವರ್ಷ ಸೋಲಿಗರ ಪೋಡುಗಳಿಗೆ (ಅಂದ್ರೆ ಅವರ ಹಾಡಿಗಳಿಗೆ) ಸಮುದಾಯ ಅರಣ್ಯ ಹಕ್ಕೂ ಸಿಕ್ತು. ಲಾಂಟಾನ ಹಬ್ಬಿ ಕೆಳಗಿನ ಗಿಡಗಳನ್ನ ಹೇಗೆ ಮುಚ್ಚಿಹಾಕ್ತಿದೆ ಅಂತ ಅಜ್ಜ ಕೋಲಲ್ಲಿ ಸರಿಸಿ ತೋರಿಸಿದ್ರು. ಇಲ್ಲಿ ನಂದೊಂದು ತಕರಾರು, ಅಜ್ಜ ಕನ್ನಡದಲ್ಲಿ ಅಷ್ಟು ಚೆನ್ನಾಗಿ ಹೇಳ್ತಿದ್ರೆ ನಮ್ಮ ಕೋರ್ಸ್‌ನವರು ಮಧ್ಯೆ ಬಾಯಿ ಹಾಕಿ ಇಂಗ್ಲಿಷಲ್ಲಿ ಲೆಕ್ಚರ್ ಶುರು ಮಾಡೋರು. ಇದ್ದೋರೆಲ್ಲ ಕನ್ನಡದೋರೇ ಕಣ್ರೀ, ಯಾರಿಗೋಸ್ಕರ ಅದು?

ಈಗ ಬಣ್ಣ. ನಮ್ಮ ಕಡೆಯ ತೊಗಟೆ ಕಾಯಿ ಇಟ್ಕೊಂಡು ಮಾಡಿದ ಕ್ಲಾಸುಗಳು ಒಂದಕ್ಕಿಂತ ಒಂದು ಚೆನ್ನಾಗಿದ್ವು. ಕಾಟನ್ ಬಟ್ಟೆನ ವಾಷಿಂಗ್ ಸೋಡಾ ಹಾಕಿ ಕುದಿಸಿ ಗಂಜಿ, ಜಿಡ್ಡು ತೆಗೀಬೇಕು, ಆಮೇಲೆ ಅಳಲೆಕಾಯಿ ಪುಡಿ ನೀರಲ್ಲಿ ನೆನೆಸಬೇಕು, ಬಟ್ಟೆ ಮಾಸಲು ಹಳದಿ ಆಗತ್ತೆ, ನೋಡೋಕೆ ಏನೂ ಅನ್ಸಲ್ಲ. ಇದೇ ಬಟ್ಟೆನ ತುಕ್ಕು ಮೊಳೆ ಬೆಲ್ಲ ಹಾಕಿ ಕೊಳೆಸಿಟ್ಟ ನೀರಿಗೆ ಅದ್ದಿ (ವಾಸನೆ ಕೇಳ್ಬೇಡಿ), ಅದ್ದಿದ ಜಾಗ ಅಲ್ಲೇ ಕಣ್ಮುಂದೆನೇ ಬೂದು ಬಣ್ಣ, ಆಮೇಲೆ ಇನ್ನೂ ಕಪ್ಪು. ಅಳಲೆಯ ಒಗರಿಗೆ ಕಬ್ಬಿಣ ಸೇರಿದ್ರೆ ಹಾಗೆ. ಕಪ್ಪು ಚೆನ್ನಾಗಿ ಬರ್ಲಿ ಅಂತ ಕಬ್ಬಿಣದ ನೀರು ಜಾಸ್ತಿ ಮಾಡಿದ್ರೆ ಬಟ್ಟೆ ಬೇಗ ಪಿಸಿಯತ್ತೆ ಅಂತ ಅವರೇ ಎಚ್ಚರಿಕೆನೂ ಕೊಟ್ರು. ಕೆಂಪಿಗೆ, ಬಣ್ಣ ಹಿಡಿಯೋಕೆ ಪಟಿಕ ಹಾಕಿ, ಮಂಜಿಷ್ಠದ ಬೇರು. ಪಟಿಕ ಬಟ್ಟೆ ತೂಕದ ಮೇಲೆ, ಒಣಗಿದ ಬಟ್ಟೆ 100 ಗ್ರಾಂ ಇದ್ರೆ 15 ಗ್ರಾಂ ಲೆಕ್ಕ, ಕಣ್ಣಂದಾಜು ನಡೆಯಲ್ಲ.

ಚಳಿಗಾಲದಲ್ಲಿ ಅಡಿಕೆ ಬೇಯಿಸೋ ಟೈಮಿಗೆ ಸಾಗರದ ಕಡೆ ಕರ್ಕೊಂಡು ಹೋಗಿದ್ರು. ಹಸಿ ಅಡಿಕೆ ಸುಲಿದು ಬೇಯಿಸಿದ ಹಂಡೆಯಲ್ಲಿ ಉಳಿಯೋ ಚೊಗರು ಇದ್ಯಲ್ಲ, ಅದೇ ಬಣ್ಣ. ಹೆಗ್ಗೋಡಿನ ಪಕ್ಕ ಭೀಮನಕೋಣೆಯಲ್ಲಿ ಚರಕ ಅನ್ನೋ ಹೆಣ್ಣುಮಕ್ಕಳ ಸಹಕಾರ ಸಂಘ ಇದೆ, ಕೈಮಗ್ಗದ ಬಟ್ಟೆಗೆ ಇಂಥ ಬಣ್ಣಗಳನ್ನೇ ಹಾಕ್ತಾರೆ, ದೇಸಿ ಅಂಗಡಿಗಳಲ್ಲಿ ಸಿಗೋ ಕುರ್ತಾ ಜುಬ್ಬಾ ಅಲ್ಲಿಂದ ಬರೋದೇ. ಚೊಗರಲ್ಲಿ ಅದ್ದಿದ ಬಟ್ಟೆ ಕಂದು, ಸುಣ್ಣದ ತಿಳಿನೀರು ತಾಗಿಸಿದ್ರೆ ಕೆಂಪಿಗೆ ತಿರುಗತ್ತೆ. ಎಲೆ ಅಡಿಕೆ ಹಾಕೋ ಮನೆಯಲ್ಲಿ ಬೆಳೆದೋರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ ಬಿಡಿ, ಆದ್ರೂ ಮೀಟರ್‌ಗಟ್ಟಲೆ ಬಟ್ಟೆ ಮೇಲೆ ನೋಡೋದು ಬೇರೆನೇ.

ಇಷ್ಟೆಲ್ಲ ಗೊತ್ತಿರೋ ಜನ ಮುಂದಿನ ಕ್ಲಾಸಲ್ಲಿ ಬೀಟ್‌ರೂಟು, ದಾಸವಾಳ ಹಿಡ್ಕೊಂಡು ಯಾಕೆ ಬರ್ತಾರೆ ಅಂತ ನಂಗಂತೂ ಅರ್ಥ ಆಗ್ಲಿಲ್ಲ. ಪಿಂಕ್ ಬಂತು, ಎಲ್ರೂ ಫೋಟೋ ತೆಗೆದ್ರು, ಮನೆಗೆ ತಂದು ಒಗೆದ್ರೆ ಬಕೆಟ್ ನೀರಿಗೆ ಬಂತು ಬಣ್ಣ. ಅರಿಶಿನದ ಸ್ಟೋಲ್ ಬಿಸಿಲಿಗೆ ಒಣಗಿಸಿ ಒಣಗಿಸಿ ಮಾಸಿಹೋಗಿದೆ, ಮೇಲಿಂದ ಸೋಪು ತಾಗಿದ ಜಾಗ ಎಲ್ಲಾ ಆರತಿ ತಟ್ಟೆ ಓಕುಳಿ. ಮುತ್ತುಗದ ಹೂವು ಮಾತ್ರ ಖುಷಿ ಕೊಡ್ತು, ಫಾಲ್ಗುಣದಲ್ಲಿ ಗುಂಡ್ಲುಪೇಟೆ ರೋಡಲ್ಲಿ ಯಾರದೋ ಹೊಲದ ಬದುವಿನಲ್ಲಿ ಕೇಳಿ ಆರಿಸಿದ್ದು, ಕಾಡೊಳಗೆ ಒಂದು ಎಸಳೂ ಮುಟ್ಟೋ ಹಾಗಿಲ್ಲ. ಪಟಿಕಕ್ಕೆ ಹಳದಿ, ಸ್ವಲ್ಪ ಸುಣ್ಣ ಬಿದ್ರೆ ಕೇಸರಿ.

ಕಿಟ್ ವಿಷ್ಯ. 1,800 ರೂಪಾಯಿ, ಕಂಪಲ್ಸರಿ. ಬಿಚ್ಚಿದ್ರೆ ಅಳಲೆ ಪುಡಿ ಒಂದು ಪೊಟ್ಟಣ, ಮಂಜಿಷ್ಠ ಒಂದು ಪೊಟ್ಟಣ, ಪಟಿಕ, ಒಂದು ಕರ್ಚೀಫು, ಚಂದದ ರಟ್ಟಿನ ಡಬ್ಬ. ಇವಿಷ್ಟೂ ಗ್ರಂಧಿಗೆ ಅಂಗಡಿಯಲ್ಲಿ ಅದರ ಕಾಲು ಭಾಗಕ್ಕೆ ಸಿಗತ್ತೆ ಮಾರಾಯ್ರೆ! ಕೇಳಿದ್ದಕ್ಕೆ ಪ್ಯಾಕಿಂಗ್ ಪರಿಸರಸ್ನೇಹಿ ಅಂದ್ರು. ಮಳೆಗೆ ಕ್ಯಾನ್ಸಲ್ ಆದ ಸುತ್ತಾಟಕ್ಕೆ ಬದಲಿ ದಿನನೂ ಇಲ್ಲ, ದುಡ್ಡೂ ಇಲ್ಲ, ಗ್ರೂಪಲ್ಲಿ ಒಂದು ಕೈಮುಗಿಯೋ ಎಮೋಜಿ. ವರ್ಷದ ಕೊನೆಗೆ ಜನ ಜಾಸ್ತಿ ಸೇರಿಸ್ಕೊಂಡು, ಹಿಂದೆ ನಿಂತವರಿಗೆ ಏನೂ ಕೇಳಿಸ್ತಿರಲಿಲ್ಲ.

5ಕ್ಕೆ 3.5 ಕೊಡ್ತೀನಿ. ಬಣ್ಣದ್ದೇ ಬಿಸಿನೆಸ್ ಮಾಡೋ ಯೋಚನೆ ಇರೋರಿಗೆ ಇದು ಸಾಲಲ್ಲ, ನೀಲಿ ಬಣ್ಣದ (ಇಂಡಿಗೊ) ಹಂಡೆಗೆ ಹುದುಗು ಬರಿಸೋದನ್ನೇ ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಟ್ರು. ಬರೀ ಸುತ್ತಾಟಕ್ಕೆ ಬೇರೆ ಫೀಸ್ ಇದೆ ಅಂತ ಈಗ ಗೊತ್ತಾಗಿದೆ, ಫಾರ್ಮಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ಇರತ್ತೆ, ಅದಕ್ಕೆ ಟಿಕ್ ಹಾಕಿ. ಮಳೆಗಾಲದಲ್ಲಿ ಶುರುವಾಗೋ ಬ್ಯಾಚಿಗೆ ಸೇರೋರು ಕ್ಯಾನ್ಸಲ್ ಆದ್ರೆ ಏನು ಅಂತ ಬರವಣಿಗೆಯಲ್ಲೇ ಕೇಳಿ ತಗೊಳ್ಳಿ.