ಅಮೆರಿಕದ ಬಯೋಮೆಡಿಕಲ್ ಪಿಎಚ್‌ಡಿ: ರೊಟೇಶನ್‌ಗೆ ಪೂರ್ತಿ ಅಂಕ, ಕಮಿಟಿಗೆ ಅರ್ಧ

ಹಲವು ವಿಭಾಗಗಳು ಸೇರಿ ನಡೆಸುವ ಬಯೋಮೆಡಿಕಲ್ ಪಿಎಚ್‌ಡಿಯಲ್ಲಿ ನನಗೀಗ ಮೂರನೇ ವರ್ಷ. ಊರಿಂದ ವಿಚಾರಿಸುವವರು ಜಾಸ್ತಿ, ಅದಕ್ಕೇ ಈ ರಿವ್ಯೂ.

ಇದರ ದೊಡ್ಡ ಲಾಭ ರೊಟೇಶನ್. ಸೇರುವಾಗಲೇ ಗೈಡ್ ಯಾರೆಂದು ಗಟ್ಟಿ ಮಾಡಬೇಕಿಲ್ಲ. ಮೊದಲ ವರ್ಷ ಸಾಮಾನ್ಯವಾಗಿ 3 ಲ್ಯಾಬ್‌ಗಳಲ್ಲಿ ತಲಾ 8-10 ವಾರ ಕೆಲಸ ಮಾಡಿ ನೋಡಬಹುದು. ಇಮ್ಯುನಾಲಜಿ ಅಂತ ಬಂದ ನಾನು ನ್ಯೂರೋ ಲ್ಯಾಬ್‌ನಲ್ಲಿ ಉಳಿದೆ. ಲ್ಯಾಬ್ ಮೀಟಿಂಗ್‌ನಲ್ಲಿ ಹೊಸಬರು ಪೆದ್ದು ಪ್ರಶ್ನೆ ಕೇಳಿದಾಗ ಪ್ರೊಫೆಸರ್ ಮುಖ ಹೇಗಾಗುತ್ತದೆ, ಗಮನಿಸಿ. ಅವರ ಪೇಪರ್‌ಗಳ ಪಟ್ಟಿಗಿಂತ ಅದೇ ಮುಖ್ಯ.

ಕೋರ್ಸ್‌ವರ್ಕ್ ಪರವಾಗಿಲ್ಲ. ಬಯೋಸ್ಟಾಟಿಸ್ಟಿಕ್ಸ್ ಮಾತ್ರ ಸುಮ್ನೆ ಪಾಸಾಗಲು ಓದಬೇಡಿ.

ಎರಡನೇ ವರ್ಷ ಕ್ವಾಲಿಫೈಯಿಂಗ್ ಪರೀಕ್ಷೆ, ಅಂದರೆ ಪಿಎಚ್‌ಡಿ ಮುಂದುವರಿಸಲು ಪಾಸಾಗಲೇಬೇಕಾದ ಪರೀಕ್ಷೆ. ನಮ್ಮಲ್ಲಿ ಅದು ಎನ್‌ಐಎಚ್ (ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ) ಫೆಲೋಶಿಪ್ ಅರ್ಜಿಯ ಮಾದರಿಯಲ್ಲಿತ್ತು: ಗುರಿಗಳಿಗೆ 1 ಪುಟ, ಸಂಶೋಧನಾ ಯೋಜನೆಗೆ 6 ಪುಟ. ಆ 6 ಹೇಗೋ ತುಂಬುತ್ತವೆ. ಬೆವರಿಳಿಸುವುದು ಆ 1 ಪುಟ! ಆಮೇಲೆ ಮೌಖಿಕ. ‘ಈ ಪ್ರಯೋಗ ಕೈಕೊಟ್ಟರೆ ಏನು ಮಾಡುತ್ತೀರಿ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ.

ಬೇಸರವೆಂದರೆ ಥೀಸಿಸ್ ಕಮಿಟಿ, ಅಂದರೆ ನಮ್ಮ ಸಂಶೋಧನೆಯ ಪ್ರಗತಿ ನೋಡುವ ಪ್ರೊಫೆಸರ್‌ಗಳ ಗುಂಪು. ಬೇರೆ ಬೇರೆ ವಿಭಾಗದ ಐವರಿಗೆ ಒಂದೇ ದಿನ ಹೊಂದಿಸುವುದು ಮದುವೆ ಮುಹೂರ್ತ ಇಡಿಸಿದಷ್ಟೇ ಕಷ್ಟ. ನನ್ನ ಮೀಟಿಂಗ್ ಮುಂದಕ್ಕೆ ಹೋಗಿ ಹೋಗಿ ಸೆಮಿಸ್ಟರ್ರೇ ಮುಗಿಯಿತು. ಆಫೀಸಿನವರು ಒಂದು ಮೇಲ್ ಕಳಿಸಿ ಕೈತೊಳೆದುಕೊಂಡರು. ಇಷ್ಟಾದರೂ ಸಹಾಯ ಮಾಡಬಹುದಿತ್ತು, ಅಲ್ವಾ?

ಫೀಸು ಕಟ್ಟಬೇಕಿಲ್ಲ, ಸ್ಟೈಪೆಂಡ್ ಬರುತ್ತದೆ. ಅದರಲ್ಲಿ ದುಡ್ಡು ಉಳಿಸುವ ಆಸೆ ಬೇಡ. ಮುಗಿಯಲು ಐದಾರು ವರ್ಷ ಹಿಡಿದುಕೊಳ್ಳಿ. ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯನ್ನು ಈಗ ಅನೇಕ ಕಡೆ ಕೇಳುವುದಿಲ್ಲ, ಆದರೆ ಲ್ಯಾಬ್ ಅನುಭವ ಕೇಳುತ್ತಾರೆ. ಬಹಳಷ್ಟು ಕಡೆ ಅರ್ಜಿಯ ಗಡುವು ಡಿಸೆಂಬರ್‌ನಲ್ಲೇ ಇರುತ್ತದೆ.