ಲೇಸಿಕ್ ಆದ ಕಣ್ಣಿನ ಒತ್ತಡ: ಯಾವ ಯಂತ್ರದ ಅಂಕಿಯನ್ನು ನೆಚ್ಚಬೇಕು?

ಲೇಸಿಕ್ ಎಂಬ ಲೇಸರ್ ಚಿಕಿತ್ಸೆಯಿಂದ ಕನ್ನಡಕ ಬಿಟ್ಟವರು ಮಂಡ್ಯದಲ್ಲೋ ಮೈಸೂರಿನಲ್ಲೋ ಕಣ್ಣಿನ (ಒಳಗಿನ ದ್ರವದ) ಒತ್ತಡ ನೋಡಿಸಿಕೊಂಡಾಗ ಬರುವ ಅಂಕಿ, ನೆಮ್ಮದಿ ಕೊಡುವಂತಿದ್ದರೂ, ನಿಜವಾದ ಒತ್ತಡಕ್ಕಿಂತ ಕಡಿಮೆಯಿರಬಹುದು.

ಹೆಚ್ಚು ಬಳಕೆಯಲ್ಲಿರುವುದು ಗೋಲ್ಡ್‌ಮನ್ ಟೋನೋಮೀಟರ್ ಎಂಬ ಒತ್ತಡಮಾಪಕ. ಕಣ್ಣಿಗೆ ಮರಗಟ್ಟಿಸುವ ಹನಿಯನ್ನೂ ಹಳದಿ ಬಣ್ಣವನ್ನೂ ಹಾಕಿ, ನೀಲಿ ಬೆಳಕಿನಲ್ಲಿ ಕಾಣುವ ಎರಡು ಹಸಿರು ಅರ್ಧವೃತ್ತಗಳ ಒಳಅಂಚುಗಳು ಕೂಡುವ ತನಕ ವೈದ್ಯರು ಗುಂಡಿ ತಿರುಗಿಸಿ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನು, ಒತ್ತುತ್ತಾರೆ. ಕಾರ್ನಿಯಾ ಸುಮಾರು 520 ಮೈಕ್ರಾನ್ ದಪ್ಪವಿದೆಯೆಂಬ ಊಹೆಯ ಮೇಲೆ ಅದರ ಲೆಕ್ಕ ನಿಂತಿರುವುದರಿಂದ, ಲೇಸರ್‌ನಿಂದ ತೆಳುವಾದ ಕಾರ್ನಿಯಾ ಅಲ್ಪ ಬಲಕ್ಕೇ ಚಪ್ಪಟೆಯಾಗಿ ಅಂಕಿ ಇಳಿಯುತ್ತದೆ. ದಪ್ಪ ನೋಡಿ ಒಂದೆರಡು ಅಂಕಿ ಸೇರಿಸುವ ಕೋಷ್ಟಕಗಳನ್ನು ನಾನು ನೆಚ್ಚುವುದಿಲ್ಲ, ಏಕೆಂದರೆ ಶಸ್ತ್ರಚಿಕಿತ್ಸೆಯಲ್ಲಿ ದಪ್ಪದ ಜೊತೆಗೆ ಕಾರ್ನಿಯಾದ ಬಿಗಿತವೂ ಬದಲಾಗಿರುತ್ತದೆ.

ಸಾಮಾನ್ಯ ಗಾಳಿ ಊದುವ ಯಂತ್ರದಲ್ಲಿ ಹನಿಯ ಗೋಜಿಲ್ಲ, ಆದರೆ ದೋಷ ಅದೇ.

ಕಾರ್ನಿಯಾದ ಆಕಾರಕ್ಕೆ ಹೊಂದುವ ತುದಿಯುಳ್ಳ ಪ್ಯಾಸ್ಕಲ್ ಯಂತ್ರವೂ, ಕಾರ್ನಿಯಾ ಬಾಗಿ ಮರಳುವ ರೀತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಆಕ್ಯುಲರ್ ರೆಸ್ಪಾನ್ಸ್ ಅನಲೈಸರೂ ದಪ್ಪಕ್ಕೆ ಅಷ್ಟಾಗಿ ಕಟ್ಟುಬೀಳುವುದಿಲ್ಲ. ಪ್ಯಾಸ್ಕಲ್‌ಗೆ ಕೆಲವು ಸೆಕೆಂಡು ಕಣ್ಣು ಅಲುಗಿಸದೆ ಕೂರಬೇಕು. ಇವು ಎಲ್ಲ ಕಡೆ ಇರುವುದಿಲ್ಲವಾದ್ದರಿಂದ ಮೊದಲೇ ಫೋನಿನಲ್ಲಿ ವಿಚಾರಿಸುವುದು ಒಳ್ಳೆಯದು.

ಮನೆತನದಲ್ಲಿ ಗ್ಲಾಕೋಮಾ (ದೃಷ್ಟಿನರ ಕೆಡಿಸುವ ಕಾಯಿಲೆ) ಇರುವವರು ಅಥವಾ ಒತ್ತಡ ಏರಿಸಬಲ್ಲ ಸ್ಟಿರಾಯ್ಡ್ ಹನಿ ಹಾಕುತ್ತಿರುವವರು ಈ ಎರಡು ಯಂತ್ರಗಳಲ್ಲೊಂದನ್ನು ಆರಿಸಿಕೊಳ್ಳಲಿ. ಗೋಲ್ಡ್‌ಮನ್ ಮಾತ್ರ ಸಿಕ್ಕರೆ, ಶಸ್ತ್ರಚಿಕಿತ್ಸೆಗೆ ಮುಂಚಿನ ಒತ್ತಡ ಮತ್ತು ದಪ್ಪದ ವರದಿಯನ್ನು ಒಯ್ದು, ಪ್ರತಿ ಸಲವೂ ಅದೇ ಯಂತ್ರದಲ್ಲಿ ಅಳೆಸಿ, ದೃಷ್ಟಿನರದ ಓಸಿಟಿ (ಬೆಳಕಿನಿಂದ ಮಾಡುವ ಸ್ಕ್ಯಾನ್) ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಬೇಕು.