ಎರಡನೇ ಮಂಡಿ ಆಪರೇಷನ್ ನಂತರವೂ ಉಳಿದ ನೋವು: ಟೆನ್ಸ್ ಮಷಿನ್ ಬಗ್ಗೆ ನನ್ನ ಅನುಭವ

ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟು ಹರಿಸಿ ನೋವು ತಗ್ಗಿಸುವ ಪುಟ್ಟ ಯಂತ್ರ, ಟೆನ್ಸ್ ಮಷಿನ್, ಕೊಳ್ಳಬೇಕೋ ಬೇಡವೋ ಎಂದು ಕೇಳುವವರಿಗೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೊಳ್ಳಿ. ನೋವು ಹೋಗಿಬಿಡುತ್ತದೆ ಎಂಬ ಆಸೆಯಿಂದ ಮಾತ್ರ ಬೇಡ. ನೋವು ತುಸು ಹಿಂದೆ ಸರಿದಿರುವ ಹೊತ್ತಿನಲ್ಲಿ ವ್ಯಾಯಾಮ ಮಾಡಿ ಮುಗಿಸಬಹುದು, ಆ ಲೆಕ್ಕದಿಂದ ಕೊಳ್ಳಿ. ಎರಡು ವರ್ಷಕ್ಕೂ ಮೇಲಾಯಿತು, ನಾನು ಇದನ್ನು ಇಟ್ಟುಕೊಂಡಿರುವುದು ಅದೊಂದೇ ಕಾರಣಕ್ಕೆ.

ನನ್ನ ಬಲ ಮಂಡಿಗೆ ಎರಡು ಸಲ ಆಪರೇಷನ್ ಆಗಿದೆ. ಮೊದಲು ಹಾಕಿದ ಕೃತಕ ಕೀಲು ಕೆಲವು ವರ್ಷಗಳ ನಂತರ ಮೂಳೆಯಿಂದ ಸಡಿಲವಾಯಿತು. ಅದನ್ನು ತೆಗೆದು ಹೊಸದು ಕೂರಿಸುವ ರಿವಿಷನ್ ಮೊದಲಿನದಕ್ಕಿಂತ ದೊಡ್ಡ ಕೆಲಸ. ಕೀಲನ್ನು ಮೂಳೆಗೆ ಹಿಡಿಸಿದ್ದ ಹಳೆಯ ಸಿಮೆಂಟ್ ಕೆರೆದು ತೆಗೆಯಬೇಕು, ಮೂಳೆ ಸವೆದಿರುವ ಕಡೆ ಲೋಹದ ತುಂಡು ಕೊಟ್ಟು ಸರಿದೂಗಿಸಬೇಕು, ಕೀಲು ಅಲುಗದಂತೆ ತೊಡೆಮೂಳೆಯೊಳಗೂ ಕೆಳಗಾಲಿನ ಮೂಳೆಯೊಳಗೂ ಉದ್ದನೆಯ ಕಡ್ಡಿ ಇಳಿಸಬೇಕು. ಖರ್ಚೂ ಹಾಗೇ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ನಿಗದಿ ಮಾಡಿದಾಗ ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ 54,720 ರೂಪಾಯಿ, ರಿವಿಷನ್ ಕೀಲಿಗೆ 1,13,950 ರೂಪಾಯಿ ಎಂದಿತ್ತು, ಜಿಎಸ್‌ಟಿ ಬೇರೆ. ಆಸ್ಪತ್ರೆಯ ಬಿಲ್ಲು ಇದರ ಮೇಲೆ. ಇಷ್ಟೆಲ್ಲ ಸುರಿದ ಮೇಲೂ ನಾನು ನೋವು ಅಂದರೆ ಮನೆಯವರ ಮುಖ ಚಿಕ್ಕದಾಗುತ್ತದೆ. "ಡಾಕ್ಟ್ರು ಎಲ್ಲಾ ಸರಿಯಾಗಿದೆ ಅಂದ್ರಲ್ಲ, ಮತ್ತ್ಯಾಕೆ ನೋವು?" ಅಂತ ನನ್ನ ಮಗನೇ ಕೇಳಿದ.

ಡಾಕ್ಟರು ಸುಮ್ಮನೆ ಹೇಳಿದ್ದಲ್ಲ. ಎಕ್ಸ್-ರೇ ತೆಗೆಸಿದರು, ರಕ್ತದಲ್ಲಿ ಉರಿಯೂತದ ಸುಳಿವು ಕೊಡುವ ಇಎಸ್‌ಆರ್, ಸಿಆರ್‌ಪಿ ನೋಡಿದರು, ಮಂಡಿಯೊಳಗಿನ ನೀರನ್ನು ಸೂಜಿಯಲ್ಲಿ ಎಳೆದು ಸೋಂಕಿದೆಯೇ ಎಂದು ಪರೀಕ್ಷೆಗೆ ಕಳಿಸಿದರು. ಸೋಂಕಿಲ್ಲ, ಕೀಲು ಗಟ್ಟಿಯಾಗಿದೆ ಎಂದು ಖಚಿತವಾದ ಮೇಲೆ ಸಮಾಧಾನವಾಗಿ ಕೂತು ವಿವರಿಸಿದರು. ವರ್ಷಾನುಗಟ್ಟಲೆ ನೋವು ಅನುಭವಿಸಿದ ನರಗಳು ಕಾರಣ ಹೋದ ಮೇಲೂ ಸಣ್ಣದಕ್ಕೆಲ್ಲ ಕೂಗಿಕೊಳ್ಳುತ್ತವಂತೆ. ಗಾಯದ ಹೊರಮಗ್ಗುಲಲ್ಲಿ ನನಗೆ ಸ್ಪರ್ಶವೇ ತಿಳಿಯುವುದಿಲ್ಲ, ಒಳಮಗ್ಗುಲಲ್ಲಿ ಸೀರೆಯ ನೆರಿಗೆ ತಾಗಿದರೂ ಉರಿ. ಕೆಳಗಾಲಿನಲ್ಲಿ ಕಡ್ಡಿಯ ತುದಿ ಇರುವ ಜಾಗದಲ್ಲಿ ನಡೆದಾಗ ಇನ್ನೊಂದು ಬಗೆಯ, ಆಳದ ನೋವು. ಮೊದಲ ಸಲ ಮಂಡಿ ಬದಲಾಯಿಸಿಕೊಂಡವರಲ್ಲೇ ಹತ್ತರಲ್ಲಿ ಒಬ್ಬರಿಂದ ಐವರಲ್ಲಿ ಒಬ್ಬರವರೆಗೆ ನೋವು ಉಳಿಯುತ್ತದೆ, ರಿವಿಷನ್ ಆದವರಲ್ಲಿ ಇನ್ನೂ ಹೆಚ್ಚು ಎಂದು ಅವರು ಹೇಳಿದಾಗ ನನಗೆ ಬೇಸರವಾಗಲಿಲ್ಲ, ಧೈರ್ಯ ಬಂತು. ನೋವು ನನ್ನ ಕಲ್ಪನೆಯಲ್ಲ ಎಂದು ಮಗನೂ ಕೇಳಿಸಿಕೊಂಡ.

ಟೆನ್ಸ್ ಕೈಗೆ ಬಂದದ್ದು ಆಮೇಲೆ, ಫಿಸಿಯೋಥೆರಪಿಸ್ಟ್ ಮೂಲಕ. ಮೊಬೈಲ್‌ಗಿಂತ ಚಿಕ್ಕ ಪೆಟ್ಟಿಗೆ, ಎರಡು ವೈರು, ನಾಲ್ಕು ಅಂಟುವ ಪ್ಯಾಡು. ಚರ್ಮದ ಮೂಲಕ ಸಣ್ಣಗೆ ಕರೆಂಟು ಹರಿದು ಜುಮುಜುಮು ಎನ್ನುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿಗೆ ಒಂದು ಗೇಟು ಇದ್ದಂತೆ ಎಂಬ ಸಿದ್ಧಾಂತ ಮುಂದಿಟ್ಟರು. ಸ್ಪರ್ಶದ ಸಂದೇಶ ಜೋರಾಗಿ ನುಗ್ಗಿದರೆ ನೋವಿನ ಸಂದೇಶಕ್ಕೆ ಆ ಗೇಟು ಅರ್ಧ ಮುಚ್ಚುತ್ತದೆ. ಮಕ್ಕಳು ಬಿದ್ದಾಗ ಪೆಟ್ಟಾದ ಜಾಗವನ್ನು ನಾವು ತಿಕ್ಕುತ್ತೇವಲ್ಲ, ಅದೇ ಕೆಲಸವನ್ನು ಈ ಮಷಿನ್ ಮಾಡುತ್ತದೆ. ಮಷಿನ್ ಆಫ್ ಮಾಡಿದ ಸ್ವಲ್ಪ ಹೊತ್ತಿಗೆ ನೋವು ಮರಳಿ ಬರುವುದೂ ಅದಕ್ಕೇ. ಟೆನ್ಸ್ ಮೇಲಿನ ಸಂಶೋಧನೆಗಳೆಲ್ಲ ಒಂದೇ ಮಾತು ಹೇಳುವುದಿಲ್ಲ. ಕೆಲವರಿಗೆ ಏನೂ ಪ್ರಯೋಜನವಾಗುವುದಿಲ್ಲ.

ಮೊದಲ ಕೆಲವು ವಾರ ಊಟ ಆದಮೇಲೆ ಮಷಿನ್ ಹಾಕಿಕೊಂಡು ಮಲಗುತ್ತಿದ್ದೆ. ಹಿತವಾಗಿರುತ್ತಿತ್ತು, ತೆಗೆದರೆ ಮೊದಲಿನಂತೆಯೇ. ಫಿಸಿಯೋ ಹುಡುಗಿ ನೋಡಿ, "ಅಮ್ಮಾ, ಇದನ್ನ ಹಾಕ್ಕೊಂಡು ಮಲಗ್ಬೇಡಿ, ಹಾಕ್ಕೊಂಡು ಎದ್ದು ಓಡಾಡಿ" ಅಂದಳು. ನನ್ನ ಪಾಲಿಗೆ ಈ ಮಷಿನ್‌ನ ನಿಜವಾದ ಉಪಯೋಗ ಶುರುವಾದದ್ದು ಆ ದಿನದಿಂದ. ಈಗ ಬೆಳಿಗ್ಗೆ ಕಾಫಿ ಆದಮೇಲೆ ಪ್ಯಾಡ್ ಅಂಟಿಸಿ, 80ರಿಂದ 100 ಹರ್ಟ್ಸ್‌ನಲ್ಲಿಟ್ಟು (ಸೆಕೆಂಡಿಗೆ ಅಷ್ಟು ಸಲ ಮಿಡಿಯುವಂತೆ), ಜುಮುಜುಮು ಚೆನ್ನಾಗಿ ತಿಳಿಯಬೇಕು ಆದರೆ ಸ್ನಾಯು ಅದುರಬಾರದು ಎಂಬಷ್ಟು ಏರಿಸುತ್ತೇನೆ. ಹತ್ತು ನಿಮಿಷ ಬಿಟ್ಟು ವ್ಯಾಯಾಮ: ಮಂಡಿಯನ್ನು ಹಾಸಿಗೆಗೆ ಒತ್ತಿ ತೊಡೆ ಬಿಗಿಹಿಡಿಯುವುದು, ಹಿಮ್ಮಡಿ ಜಾರಿಸಿ ಮಂಡಿ ಮಡಿಸುವುದು, ಕಾಲು ನೆಟ್ಟಗಿಟ್ಟು ಎತ್ತುವುದು. ಆಮೇಲೆ ಪೆಟ್ಟಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಜಾರದಲ್ಲಿ ನಡೆಯುತ್ತೇನೆ. ಮಷಿನ್ ಇಲ್ಲದೆ ಈ ವ್ಯಾಯಾಮ ಅರ್ಧಕ್ಕೇ ನಿಲ್ಲುತ್ತಿತ್ತು. ತೊಡೆಯ ಸ್ನಾಯುವಿಗೆ ಬಲ ಬಂದ ಮೇಲೆ ನಡಿಗೆಯ ನೋವು ನಿಜವಾಗಿ ಕಡಿಮೆಯಾಗಿದೆ. ಉರಿ ಹಾಗೇ ಇದೆ. ದಿನವಿಡೀ ಒಂದೇ ಸೆಟ್ಟಿಂಗ್‌ನಲ್ಲಿ ಬಳಸಿದರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ, ಆದ್ದರಿಂದ ನಡುವೆ ಬದಲಾಯಿಸುತ್ತೇನೆ, ಕೆಲವು ದಿನ ಬಿಟ್ಟೂ ಬಿಡುತ್ತೇನೆ.

ಇನ್ನು ಪ್ಯಾಡುಗಳ ವಿಷಯ. ಇಲ್ಲೇ ಹೆಚ್ಚು ಜನ ಬೇಸತ್ತು ಮಷಿನ್ ಅಟ್ಟಕ್ಕೆ ಹಾಕುವುದು. ನಮ್ಮ ಕಡೆ ಮಂಡಿನೋವು ಅಂದರೆ ಎಣ್ಣೆ ಹಚ್ಚದೆ ಇರುವವರಿಲ್ಲ. ಎಣ್ಣೆಯ ಪಸೆ ಇರುವ ಚರ್ಮಕ್ಕೆ ಪ್ಯಾಡ್ ಹಿಡಿಯುವುದಿಲ್ಲ. ಒಂದು ಮೂಲೆ ಎದ್ದರೆ ಉಳಿದ ಜಾಗದಲ್ಲಿ ಕರೆಂಟು ಚುಚ್ಚಿದಂತಾಗುತ್ತದೆ. ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಅಂಟಿಸಿ, ಎಣ್ಣೆ ಬೇಕೇ ಬೇಕೆನ್ನುವವರು ರಾತ್ರಿಗಿಟ್ಟುಕೊಳ್ಳಿ. ಗಾಯದ ಗೆರೆಯ ಮೇಲೆ, ಸ್ಪರ್ಶ ತಿಳಿಯದ ಜಾಗದ ಮೇಲೆ ಅಂಟಿಸಬಾರದು. ಅಲ್ಲಿ ಕರೆಂಟು ಹೆಚ್ಚಾದರೂ ಗೊತ್ತಾಗುವುದಿಲ್ಲ. ನನಗೆ ಮಂಡಿಚಿಪ್ಪಿನ ಮೇಲ್ಭಾಗದ ಎರಡು ಬದಿ, ಕೆಳಭಾಗದ ಎರಡು ಬದಿ ಸರಿಹೋಗಿದೆ. ಬಳಸಿದ ಮೇಲೆ ಪ್ಲಾಸ್ಟಿಕ್ ಹಾಳೆಗೆ ಮರಳಿ ಅಂಟಿಸಿಟ್ಟರೆ ಬಾಳಿಕೆ ಹೆಚ್ಚು. ಬೇಸಿಗೆಯ ಬೆವರಿಗೆ ಬೇಗ ಹಾಳಾಗುತ್ತವೆ. ಮಷಿನ್ ಒಂದು ಸಲದ ಖರ್ಚು, ಪ್ಯಾಡುಗಳದ್ದು ಮುಗಿಯದ ಖರ್ಚು ಎಂದು ತಿಳಿದೇ ಕೊಳ್ಳಿ. ವೈರು ಪಿನ್ನಿನ ಬುಡದಲ್ಲಿ ಮುರಿಯುತ್ತದೆ, ನನ್ನದೂ ಮುರಿಯಿತು.

ರಾತ್ರಿಯ ನೋವಿಗೆ ಇದು ಅಷ್ಟಾಗಿ ಒದಗಲಿಲ್ಲ. ಹಾಕಿಕೊಂಡು ನಿದ್ದೆ ಹೋಗಬಾರದು ಕೂಡ. ರಾತ್ರಿಗೆ ನನಗೆ ಆಗಿಬಂದದ್ದು ಬಟ್ಟೆ ಸುತ್ತಿದ ಐಸ್ ಪ್ಯಾಕ್ ಹದಿನೈದು ನಿಮಿಷ, ಮತ್ತು ನರದ ನೋವಿಗೆಂದು ಡಾಕ್ಟರು ಕೊಟ್ಟ ಪ್ರಿಗ್ಯಾಬಲಿನ್. ಮೊದಲು ತಲೆ ಸುತ್ತುತ್ತಿತ್ತು, ಡೋಸ್ ಇಳಿಸಿದ ಮೇಲೆ ಸರಿಯಾಯಿತು. ಅದನ್ನು ನಾವಾಗಿಯೇ ಶುರು ಮಾಡುವುದೂ ಬೇಡ, ಥಟ್ಟನೆ ನಿಲ್ಲಿಸುವುದೂ ಬೇಡ. ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡರೆ ಹಿತವೆನಿಸುತ್ತದೆ, ಆದರೆ ಕಾಲು ಪೂರ್ತಿ ನೆಟ್ಟಗಾಗದೆ ಹಾಗೇ ಕೊಂಕಿ ನಿಲ್ಲುತ್ತದೆ. ದಿಂಬು ಬೇಕಾದರೆ ಹಿಮ್ಮಡಿಯ ಹತ್ತಿರ ಇಡಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮಂಡಿಯಲ್ಲಿ ಲೋಹ ಇರುವವರಿಗೆ ಟೆನ್ಸ್ ಸಾಮಾನ್ಯವಾಗಿ ತೊಂದರೆಯಿಲ್ಲ, ಆದರೆ ಫಿಸಿಯೋ ಕ್ಲಿನಿಕ್‌ಗಳಲ್ಲಿರುವ, ಮೈಯೊಳಗೆ ಶಾಖ ಕೊಡುವ ಶಾರ್ಟ್‌ವೇವ್ ಡಯಾಥರ್ಮಿ ಬೇರೆಯೇ ಯಂತ್ರ. ಅದು ಲೋಹವನ್ನು ಕಾಯಿಸಿ ಒಳಗೇ ಸುಡಬಲ್ಲದು. ಒಂದು ಕ್ಲಿನಿಕ್‌ನಲ್ಲಿ ನನ್ನನ್ನು ಏನೂ ಕೇಳದೆ ಅದನ್ನು ಹಚ್ಚಲು ಬಂದರು; ಆಪರೇಷನ್ ಆಗಿದೆ ಎಂದ ಮೇಲೆ ಬಿಟ್ಟರು. ಹೊಸ ಜಾಗಕ್ಕೆ ಹೋದಾಗ ಕೂರುವ ಮೊದಲೇ "ಮಂಡಿಯಲ್ಲಿ ಇಂಪ್ಲಾಂಟ್ ಇದೆ" ಎಂದು ಹೇಳಿಬಿಡಿ. ಪೇಸ್‌ಮೇಕರ್ ಇದ್ದವರು ಹೃದಯದ ಡಾಕ್ಟರನ್ನು ಕೇಳದೆ ಟೆನ್ಸ್ ಮುಟ್ಟಬಾರದು. ಜ್ವರ, ಮಂಡಿ ಕೆಂಪಾಗಿ ಬಿಸಿಯಾಗುವುದು, ಗಾಯದಿಂದ ನೀರು ಸೋರುವುದು, ಮೀನಖಂಡದಲ್ಲಿ ಊತ ಮತ್ತು ನೋವು ಕಂಡರೆ ಮಷಿನ್ ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ. ಆ ನೋವನ್ನು ಮರೆಸಬಾರದು.

ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು, ಊರುಗೋಲು ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ. ಇದಕ್ಕೆ ಕಾಸಿಲ್ಲ, ಮಷಿನ್‌ನಷ್ಟೇ ಉಪಕಾರವಾಗಿದೆ.

ಕೊಳ್ಳುವ ಮೊದಲು ನಿಮ್ಮ ಫಿಸಿಯೋ ಹತ್ತಿರ ಇರುವ ಮಷಿನ್‌ನಲ್ಲೇ ಕೆಲವು ಸಲ ಹಾಕಿಸಿಕೊಂಡು ನೋಡಿ. ಹಾಕಿಕೊಂಡಾಗ ಮಂಡಿ ಮಡಿಸುವುದು, ನಾಲ್ಕು ಹೆಜ್ಜೆ ಇಡುವುದು ಸುಲಭವಾದರೆ ಮಾತ್ರ ದುಡ್ಡು ಹಾಕಿ. ಎರಡು ಚಾನೆಲ್ ಇರಲಿ (ಒಂದೊಂದು ವೈರಿಗೂ ಬೇರೆ ಕರೆಂಟಿನ ದಾರಿ), ಎರಡಕ್ಕೂ ಬೇರೆ ಬೇರೆ ಏರಿಳಿಕೆ ಇರಲಿ, ಮತ್ತು ಅದರ ಪ್ಯಾಡು, ವೈರು ನಿಮ್ಮೂರಿನ ಸರ್ಜಿಕಲ್ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತವೆಯೇ ಎಂದು ವಿಚಾರಿಸಿಕೊಂಡೇ ತೆಗೆದುಕೊಳ್ಳಿ.